ಸಬ್ಸಿಡಿ ಹೊಸ ಘಟಕಕ್ಕೆ, ವ್ಯಾಪಾರ ಹಳೆಯದು

ಕಾಸರಗೋಡಿನ ಬದಿಯಡ್ಕ, ಪೈವಳಿಕೆ ಕಡೆ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾರುವ ಮಹಿಳೆಯರ ವ್ಯಾಪಾರಕ್ಕೆ ಉದ್ಘಾಟನೆಯ ದಿನವೆಂಬುದು ಇರುವುದಿಲ್ಲ. ಮನೆಯ ಒಲೆಯಲ್ಲಿ ಶುರುವಾಗಿ ನೆಂಟರಿಗೆ, ಅಂಗಡಿಗೆ, ಮದುವೆಮನೆಗೆ ಎಂದು ಬೆಳೆಯುತ್ತದೆ. ಹೊಸ ಘಟಕಕ್ಕೆ ಸಬ್ಸಿಡಿ ಕೊಡುವ ಸರಕಾರಿ ಯೋಜನೆಗಳು ಎಡವುವುದು ಇಲ್ಲೇ.

ಬಡತನ ನಿವಾರಣೆಯ ಸಾಲ ಹೆಚ್ಚಾಗಿ ಮನೆಯ ಯಜಮಾನನ ಹೆಸರಿಗೆ ಹೋಗುತ್ತಿದ್ದುದರಿಂದ 1982ರಲ್ಲಿ ಮಹಿಳೆಯರ ಗುಂಪುಗಳಿಗೆಂದೇ ಕೇಂದ್ರದ ಡ್ವಾಕ್ರಾ ಯೋಜನೆ ಬಂತು. 1998ರಲ್ಲಿ ಕೇರಳ ಸರಕಾರದ ಕುಟುಂಬಶ್ರೀ ಯೋಜನೆ ಅದೇ ದಾರಿಯನ್ನು ನೆರೆಹೊರೆಯ ಮಹಿಳೆಯರ ಗುಂಪುಗಳಾದ ಅಯಲ್‌ಕೂಟಗಳ ಮೂಲಕ ಮನೆಮನೆಗೆ ಮುಟ್ಟಿಸಿತು. ಉಳಿತಾಯ, ಸಣ್ಣ ಸಾಲ ಸಲೀಸಾದವು. ಒಬ್ಬಳೇ ಯಂತ್ರ ಕೊಳ್ಳಬೇಕೆಂದರೆ ಮಾತ್ರ ಬ್ಯಾಂಕಿಗೇ ಹೋಗಬೇಕು.

ಒಂಟಿ ಉದ್ಯಮಿಗೆ 2008ರ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ, ಇದೆ. ಗ್ರಾಮೀಣ ಪ್ರದೇಶದ ಮಹಿಳೆಗೆ ಸಬ್ಸಿಡಿ 35 ಶೇಕಡಾ, ಸ್ವಂತ ಪಾಲು 5 ಶೇಕಡಾ. ಸಾಮಾನ್ಯ ವರ್ಗದ ಪುರುಷನಿಗೆ 25 ಮತ್ತು 10 ಶೇಕಡಾ. ಮಹಿಳೆಯ 5 ಲಕ್ಷ ರೂಪಾಯಿಯ ಘಟಕವಾದರೆ ಕೈಯಿಂದ 25,000, ಉಳಿದದ್ದು ಬ್ಯಾಂಕಿನದು. ಸಬ್ಸಿಡಿಯ 1,75,000 ಕೈಗೆ ಬರುವುದಿಲ್ಲ. ಮೂರು ವರ್ಷ ಠೇವಣಿಯಲ್ಲಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಮೊದಲೇ ಕೈಸೇರುತ್ತದೆಂದು ಲೆಕ್ಕ ಹಾಕಿದವರು ಕಂತು ಕಟ್ಟಲಾಗದೆ ಒದ್ದಾಡುತ್ತಾರೆ.

ಇದೆಲ್ಲ ಹೊಸ ಘಟಕಕ್ಕೆ ಮಾತ್ರ. ಆಹಾರ ಸುರಕ್ಷತಾ ನೋಂದಣಿ, ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಎರಡನ್ನೂ ಶಿಸ್ತಾಗಿ ಮಾಡಿಸಿಕೊಂಡವಳು ಹಳೆಯ ಘಟಕದ ಪಟ್ಟಿಗೆ ಸೇರಿಬಿಡುತ್ತಾಳೆ. ಕಾನೂನು ಪಾಲಿಸಿದ್ದಕ್ಕೇ ಪೆಟ್ಟು! ಅವಳಿಗೆ ಒಗ್ಗುವುದು ನಡೆಯುತ್ತಿರುವ ಕಿರು ಆಹಾರ ಘಟಕಗಳಿಗೆಂದು 2020ರಲ್ಲಿ ಬಂದ ಕೇಂದ್ರದ ಯೋಜನೆ ಪಿಎಂಎಫ್‌ಎಂಇ. ಸಬ್ಸಿಡಿ 35 ಶೇಕಡಾವೇ, ಗರಿಷ್ಠ 10 ಲಕ್ಷ. ಆದರೆ ಸ್ವಂತ ಪಾಲು ಎಲ್ಲರಿಗೂ 10 ಶೇಕಡಾ. ಪಿಎಂಇಜಿಪಿಯಲ್ಲಿ ಮಹಿಳೆಗಿರುವ ರಿಯಾಯಿತಿ ಇಲ್ಲಿಗೂ ಬರಬೇಕಿತ್ತು.

ಉಳಿದ ತೊಡಕುಗಳು ಕಾಗದದವು. ಆಧಾರ್‌ನಲ್ಲಿ ಗಂಡನ ಹೆಸರು, ಪ್ಯಾನ್‌ನಲ್ಲಿ ತಂದೆಯದು. ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬುವಾಗ ಗಂಡನ ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ, ಆಕ್ಷೇಪಣೆಯ ಸಂದೇಶ ಎಲ್ಲ ಅಲ್ಲಿಗೇ. ಆತ ಗಲ್ಫಿನಲ್ಲಿದ್ದರಂತೂ ಗಡುವು ದಾಟಿದ್ದೇ ತಿಳಿಯದು. ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಮಲಯಾಳದ ನೋಟೀಸು ಇನ್ನೊಂದು ಗೋಡೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ರಾಜ್ಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಕೈಗಾರಿಕಾ ಇಲಾಖೆಗೆ ಬರೆಯುವಾಗ ಅದನ್ನು ಬಳಸಬಹುದು. ಬ್ಯಾಂಕಿನ ಸಾಲಪತ್ರಕ್ಕೆ ಆ ಕಾಯ್ದೆ ನೆರವಾಗದು. ಸಹಿಗೆ ಮುಂಚೆ ಬಡ್ಡಿ, ಕಂತು, ಜಾಮೀನಿನ ಷರತ್ತುಗಳನ್ನು ಓದಿಸಿಕೊಳ್ಳಬೇಕು.