ಕಸಿ ಶ್ವಾಸಕೋಶದಲ್ಲಿ ಬೀಡುಬಿಟ್ಟ ಟಿ ಕೋಶಗಳು: ರಕ್ತಪರೀಕ್ಷೆಗೆ ಸಿಗದ ಲೆಕ್ಕ

ದಾನಿಯ ಶ್ವಾಸಕೋಶ ತೆಗೆಯುವಾಗ ರಕ್ತನಾಳಗಳಿಗೆ ತಣ್ಣನೆಯ ಸಂರಕ್ಷಕ ದ್ರಾವಣ ಹಾಯಿಸಿ ರಕ್ತವನ್ನು ತೊಳೆಯುತ್ತಾರೆ. ಆದರೂ ದಾನಿಯ ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಅಂಗದ ಜೊತೆಗೇ ಬರುತ್ತವೆ. ಹಳೆಯ ಸೋಂಕುಗಳ ನೆನಪು ಹೊತ್ತು ಶ್ವಾಸನಾಳದ ಒಳಪದರದಲ್ಲಿ ನೆಲೆನಿಂತ ಇವನ್ನು ಟಿಆರ್‌ಎಂ (ಅಂಗಾಂಶದಲ್ಲೇ ನೆಲೆಸುವ ನೆನಪಿನ ಟಿ) ಕೋಶಗಳೆನ್ನುತ್ತೇವೆ. ಇವುಗಳ ಮೇಲ್ಮೈಯ ಗುರುತು-ಪ್ರೋಟೀನುಗಳಲ್ಲಿ ಸಿಡಿ69 ಇವು ಅಂಗಾಂಶ ಬಿಟ್ಟು ಹೊರಡದಂತೆ ತಡೆಯುತ್ತದೆ. ಸಿಡಿ103 ಒಳಪದರದ ಇ-ಕ್ಯಾಡ್ಹೆರಿನ್ ಪ್ರೋಟೀನಿಗೂ ಸಿಡಿ49ಎ ಅದರಡಿಯ ಕೊಲಾಜನ್‌ಗೂ ಅಂಟಿಕೊಳ್ಳುತ್ತದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾನಿಯ ಕೋಶಗಳು ಕಸಿಯಾಗಿ ವರ್ಷ ದಾಟಿದ ಮೇಲೂ ಕೆಲವರ ಶ್ವಾಸನಾಳದಲ್ಲಿ ಸಿಕ್ಕವು. ಕಸಿ ಪಡೆದವರ ಕೋಶಗಳು ರಕ್ತದಿಂದ ಬೇಗ ಒಳಬಂದರೂ ಟಿಆರ್‌ಎಂ ಗುರುತುಗಳನ್ನು ಪಡೆಯಲು ತಿಂಗಳುಗಳೇ ಹಿಡಿದವು. ದಾನಿಯ ಕೋಶಗಳು ಉಳಿದವರಲ್ಲಿ ಮೊದಲ 72 ಗಂಟೆಗಳ ಕಸಿ ವೈಫಲ್ಯ ಕಡಿಮೆಯಿತ್ತು. ಇದನ್ನು ರಕ್ಷಣೆಗೆ ಪುರಾವೆ ಎಂದು ಓದಲು ನನಗೆ ಧೈರ್ಯ ಸಾಲದು: ತೀವ್ರ ಗಾಯವಾದ ಶ್ವಾಸಕೋಶದಲ್ಲಿ ಈ ಕೋಶಗಳೇ ಮೊದಲು ಸತ್ತಿರಲೂಬಹುದು.

ಯಾವ ಕೋಶ ಯಾರದು ಎಂದು ತಿಳಿಯಲು ಎಚ್‌ಎಲ್‌ಎ (ಕೋಶದ ಮೇಲ್ಮೈಯಲ್ಲಿರುವ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಗುರುತು) ವ್ಯತ್ಯಾಸ ಮುಖ್ಯ ದಾರಿ. ದಾನಿಗೆ ಎ2 ಎಂಬ ಎಚ್‌ಎಲ್‌ಎ ಬಗೆ ಇದ್ದು ಪಡೆದವರಿಗೆ ಇಲ್ಲವಾದರೆ ಎ2ಗೆ ಅಂಟುವ ಪ್ರತಿಕಾಯವೊಂದೇ ಸಾಕು. ಇಬ್ಬರಲ್ಲೂ ಇದ್ದರೆ ಬೇರೆ ಎಚ್‌ಎಲ್‌ಎ ಆಂಟಿಜೆನ್ (ಪ್ರತಿಕಾಯ ಗುರುತಿಸುವ ಅಣು) ಆರಿಸಬೇಕು. ಕಸಿಗೆ ಮುಂಚಿನ ಎಚ್‌ಎಲ್‌ಎ ಟೈಪಿಂಗ್ ವರದಿಯನ್ನು ಫೈಲಿನಿಂದ ತೆಗೆದು ನೋಡದೆ ಮಾದರಿಗೆ ಕೈಹಾಕಬೇಡಿ.

ಮಾದರಿ ಕೆಡುವುದು ಹೆಚ್ಚಾಗಿ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಕೊಠಡಿಯಲ್ಲೇ. ಲವಾಜ್ (ಸಲೈನ್ ಬಿಟ್ಟು ಮರಳಿ ಎಳೆದು ಕೋಶ ಸಂಗ್ರಹಿಸುವುದು) ಮೊದಲು, ಬಯಾಪ್ಸಿ (ಅಂಗಾಂಶದ ತುಣುಕು ತೆಗೆಯುವುದು) ಆಮೇಲೆ. ಕ್ರಮ ತಪ್ಪಿದರೆ ರಕ್ತ ಬೆರೆತು, ಅದರಲ್ಲಿ ಓಡಾಡುವ ಟಿ ಕೋಶಗಳು ಲೆಕ್ಕಕ್ಕೆ ಸೇರಿಬಿಡುತ್ತವೆ. ಬಲ ಮಧ್ಯ ಹಾಲೆ ಅಥವಾ ಎಡ ಮೇಲಿನ ಹಾಲೆಯ ಭಾಗವಾದ ಲಿಂಗುಲಾದಲ್ಲಿ ಸ್ಕೋಪನ್ನು ಬಿಗಿಯಾಗಿ ಕೂರಿಸಿ, ಒಟ್ಟು 100–150 ಮಿ.ಲೀ. ಸಲೈನ್ ಕಂತುಗಳಲ್ಲಿ ಬಿಡಿ. ಶೇ 30ಕ್ಕಿಂತ ಕಡಿಮೆ ಮರಳಿದರೆ ಫಲಿತಾಂಶವನ್ನು ಅನುಮಾನದಿಂದಲೇ ನೋಡಬೇಕು. ಸಾದಾ ಗಾಜಿನ ಪಾತ್ರೆಗೆ ಮ್ಯಾಕ್ರೋಫೇಜ್‌ಗಳು (ಕಣಗಳನ್ನು ನುಂಗುವ ರಕ್ಷಕ ಕೋಶಗಳು) ಅಂಟುತ್ತವೆ, ಪ್ಲಾಸ್ಟಿಕ್ ಟ್ಯೂಬ್ ಬಳಸಿ. ಲ್ಯಾಬ್ ದೂರವಿದ್ದರೆ ಐಸ್ ಮೇಲೆ ಕಳಿಸಿ.

ಕೋಶಗಳಿಗೆ ಹೊಳೆಯುವ ಬಣ್ಣದ ಪ್ರತಿಕಾಯ ಅಂಟಿಸಿ ಲೇಸರಿನಲ್ಲಿ ಎಣಿಸುವ ಫ್ಲೋ ಸೈಟೋಮೆಟ್ರಿಯಲ್ಲಿ ಎರಡು ಬಲೆಗಳಿವೆ. ಮ್ಯಾಕ್ರೋಫೇಜ್‌ಗಳು ತಾವಾಗಿಯೇ ಹೊಳೆಯುವುದರಿಂದ ಬಣ್ಣ ಹತ್ತಿದಂತೆ ಕಾಣುತ್ತವೆ. ಸತ್ತ ಕೋಶಗಳನ್ನೂ ಅವನ್ನೂ ಬದಿಗಿಟ್ಟು, ಟಿ ಕೋಶಗಳ ಗುರುತಾದ ಸಿಡಿ3 ಇರುವವನ್ನಷ್ಟೇ ನೋಡಬೇಕು. ಎರಡನೆಯದು ಸಿಡಿ69. ಆಗತಾನೇ ಕೆರಳಿದ ಯಾವುದೇ ಟಿ ಕೋಶವೂ ಅದನ್ನು ತೋರಿಸುತ್ತದೆ. ಜೊತೆಗೆ ಸಿಡಿ103 ಅಥವಾ ಸಿಡಿ49ಎ ಇಲ್ಲದೆ ಟಿಆರ್‌ಎಂ ಎಂದು ಬರೆದ ವರದಿಯನ್ನು ನಾನು ಒಪ್ಪುವುದಿಲ್ಲ.

ಔಷಧದ ವಿಚಾರದಲ್ಲೂ ರಕ್ತವನ್ನಷ್ಟೇ ನೋಡಿ ನೆಮ್ಮದಿಪಡುವಂತಿಲ್ಲ. ಟಿ ಕೋಶಗಳನ್ನು ಅಳಿಸುವ ಅಲೆಮ್ಟುಜುಮ್ಯಾಬ್ ಔಷಧ ಪಡೆದ ಚರ್ಮದ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ರೋಗಿಗಳಲ್ಲಿ ರಕ್ತದ ಟಿ ಕೋಶಗಳು ಅಳಿದರೂ ಚರ್ಮದಲ್ಲಿ ನೆಲೆಸಿದವು ಉಳಿದಿದ್ದವು. ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಔಷಧದ ರಕ್ತಮಟ್ಟ ಗುರಿಯೊಳಗಿದೆ ಎಂಬುದು ಶ್ವಾಸನಾಳದ ಗೋಡೆಯಲ್ಲಿ ಏನು ನಡೆದಿದೆ ಎಂದು ಹೇಳುವುದಿಲ್ಲ. ಇಲಿಗಳ ಮೂತ್ರಪಿಂಡ ಕಸಿಯಲ್ಲಿ ಪಡೆದವರ ಟಿಆರ್‌ಎಂ ಕೋಶಗಳೇ ದೀರ್ಘಕಾಲದ ತಿರಸ್ಕಾರವನ್ನು ನಡೆಸುವುದು ಕಂಡುಬಂದಿದೆ. ಅವು ಉಳಿಯಲು ದಾನಿಯ ಆಂಟಿಜೆನ್ ಜೊತೆಗೆ ಇಂಟರ್‌ಲ್ಯೂಕಿನ್-15 ಎಂಬ ಸಂಕೇತ-ಪ್ರೋಟೀನ್ ಕೂಡ ಬೇಕು. ಮುಂದಿನ ಔಷಧಗಳಿಗೆ ನಾನು ಭರವಸೆಯಿಂದ ನೋಡುತ್ತಿರುವ ಗುರಿ ಈ ಪ್ರೋಟೀನ್.

ಸದ್ಯಕ್ಕೆ, ರೋಗಿಯ ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಬಲವಾಗಿ ಊದಿ ಹೊರಹಾಕುವ ಗಾಳಿಯ ಪ್ರಮಾಣ) ಕುಸಿಯತೊಡಗಿದರೆ ಇಳಿಕೆ ಶೇ 20ರ ಗಡಿ ಮುಟ್ಟಲಿ ಎಂದು ಕಾಯಬೇಡಿ, ಲವಾಜ್ ಮತ್ತು ಬಯಾಪ್ಸಿ ಮಾಡಿಸಿ. ಗಾಳಿಗೂಡುಗಳಿರುವ ಕನಿಷ್ಠ 5 ಒಳ್ಳೆಯ ತುಣುಕುಗಳು ಬೇಕು. ಲವಾಜಿನಲ್ಲಿ ರೋಗಿಯ ಟಿಆರ್‌ಎಂ ಕೋಶಗಳು ಹೆಚ್ಚಿದ್ದರೆ ಅದು ವೈರಸ್ಸಿನಿಂದಲೂ ಆಗಿರಬಹುದು, ತಿರಸ್ಕಾರದಿಂದಲೂ ಆಗಿರಬಹುದು. ಸಿಎಂವಿ (ಸೈಟೋಮೆಗಾಲೋವೈರಸ್) ಮತ್ತು ಉಸಿರಾಟದ ವೈರಸ್‌ಗಳ ಪಿಸಿಆರ್ ವರದಿಯನ್ನು ಪಕ್ಕದಲ್ಲಿಟ್ಟುಕೊಂಡೇ ಸ್ಟೀರಾಯ್ಡ್ ಪಲ್ಸ್ (ಕೆಲವೇ ದಿನ ಕೊಡುವ ದೊಡ್ಡ ಡೋಸ್) ತೀರ್ಮಾನಿಸಿ.