ಹೆಸರು ಬಿಡಿ, ಯಂತ್ರ ಏನು ಮಾಡುತ್ತದೆ ಎಂಬುದನ್ನು ಹಿಡಿದು ಹುಡುಕಿ

ಈ ಮಳೆಗಾಲದ ಶುರುವಿನಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಶಿವಮೊಗ್ಗದಲ್ಲಿ ಪೇಟೆಂಟ್ ಅರ್ಜಿ ಮಾಡಿಸಿಕೊಡುವ ನನ್ನ ಕಚೇರಿಗೆ ಬಂದರು. ಅಡಿಕೆ ಮರ ಹತ್ತುವ ಯಂತ್ರ ಮಾಡಿದ್ದರು. ಅಡಿಕೆ ಗೊನೆ ತೆಗೆಯಲು, ಕೊಳೆರೋಗಕ್ಕೆ ಔಷಧಿ ಹೊಡೆಯಲು ಜನ ಸಿಗದೆ ಎರಡು ವರ್ಷ ತಾವೇ ಕೂತು ವೆಲ್ಡಿಂಗ್ ಮಾಡಿದ ಯಂತ್ರ. ಬೇರೆಯವರು ಅದನ್ನು ನಕಲು ಮಾಡಿ ಮಾರದಂತೆ ಪೇಟೆಂಟ್ ಬೇಕಿತ್ತು. ಅದು ಸಿಗಬೇಕಾದರೆ ಯಂತ್ರ ಹೊಸತಾಗಿರಬೇಕು.

"ಇಂಟರ್ನೆಟ್ಟಲ್ಲಿ ನೋಡಿದೀನಿ. ನನ್ನಂಥದ್ದು ಎಲ್ಲೂ ಇಲ್ಲ ಮಾರಾಯ್ರೆ" ಎಂದರು.

ಏನು ಟೈಪ್ ಮಾಡಿ ಹುಡುಕಿದಿರಿ ಎಂದು ಕೇಳಿದೆ. 'ಅರೆಕಾನಟ್ ಕ್ಲೈಂಬಿಂಗ್ ಮಷಿನ್' ಅಂತೆ.

ನನ್ನ ಬಳಿ ಬರುವ ಹೆಚ್ಚಿನವರು ಎಡವುವುದು ಇಲ್ಲೇ. ಪೇಟೆಂಟ್ ಬರೆಯುವವರು ನಾವು ತೋಟದಲ್ಲಿ ಕರೆಯುವ ಹೆಸರನ್ನು ಬಳಸಬೇಕೆಂದಿಲ್ಲ. ಹಕ್ಕು ಅಗಲವಾಗಿರಲಿ ಎಂದು 'ಕಂಬದಂಥ ವಸ್ತುವನ್ನು ಏರುವ ಸಾಧನ' ಎಂದು ಬರೆದಿರಬಹುದು. ಅಡಿಕೆಯ ಸುದ್ದಿಯೇ ಅದರಲ್ಲಿ ಇರುವುದಿಲ್ಲ. ಇದ್ದರೂ ಒಬ್ಬರಿಗೆ ಅದು ಅರೆಕಾ, ಇನ್ನೊಬ್ಬರಿಗೆ ಬೀಟಲ್ ನಟ್. ತೆಂಗಿನ ಮರಕ್ಕೋ ಕರೆಂಟ್ ಕಂಬಕ್ಕೋ ಯಾರೋ ಮಾಡಿದ್ದು ಕೂಡ ನಿಮ್ಮ ಅರ್ಜಿಗೆ ಅಡ್ಡ ಬರಬಹುದು.

ಅದಕ್ಕೇ ವರ್ಗಸಂಖ್ಯೆ ಹಿಡಿಯಬೇಕು. ಪೇಟೆಂಟ್ ಅರ್ಜಿಗಳನ್ನು ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ವಿಂಗಡಿಸಿ, ಒಂದೊಂದು ಬಗೆಗೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಮರ, ಕಂಬ ಹತ್ತುವ ಸಾಧನಗಳು ಎ63ಬಿ 27/00 ಎಂಬಲ್ಲಿವೆ. ಅದು ಕೃಷಿ ವಿಭಾಗವಲ್ಲ, ವ್ಯಾಯಾಮ ಮತ್ತು ಆಟದ ಸಾಮಾನಿನ ವಿಭಾಗ! ಕೃಷಿ ಎಂದುಕೊಂಡು ಹುಡುಕಿದವರಿಗೆ ಅದು ಸಿಗುವುದಾದರೂ ಹೇಗೆ? ಅಡಿಕೆ ಸುಲಿಯುವ ಯಂತ್ರವಾದರೆ ಎ23ಎನ್ 5/00 ನೋಡಿ. ಸಂಖ್ಯೆ ಗೊತ್ತಿಲ್ಲದಿದ್ದರೆ ನಿಮ್ಮದಕ್ಕೆ ಹತ್ತಿರದ ಒಂದೇ ಒಂದು ಪೇಟೆಂಟ್ ಹುಡುಕಿ. ಅದರ ಮೊದಲ ಪುಟದಲ್ಲಿ ಸಂಖ್ಯೆ ಇರುತ್ತದೆ. ಆಮೇಲೆ ಆ ಸಂಖ್ಯೆಯಲ್ಲಿರುವ ಚಿತ್ರಗಳನ್ನೆಲ್ಲ ತಾಳ್ಮೆಯಿಂದ ನೋಡುತ್ತಾ ಹೋಗಿ. ಭಾರತದ ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನ ಎಸ್ಪಾಸ್‌ನೆಟ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದ ಪೇಟೆಂಟ್‌ಸ್ಕೋಪ್ ಈ ಮೂರೂ ಹುಡುಕಾಟದ ಜಾಲತಾಣಗಳು ಉಚಿತ.

ಓದುವಾಗ ಇನ್ನೊಂದು ತಪ್ಪಾಗುತ್ತದೆ. "ನನ್ನ ಭಾಗ ಅವರ ಕ್ಲೇಮಿನಲ್ಲಿ ಇಲ್ವಲ್ಲ" ಎಂದು ಜನ ಸಮಾಧಾನಪಡುತ್ತಾರೆ. ಕ್ಲೇಮ್ ಎಂದರೆ ಯಾವುದರ ಮೇಲೆ ಹಕ್ಕು ಕೇಳುತ್ತಿದ್ದೇವೆ ಎಂದು ಪೇಟೆಂಟಿನಲ್ಲಿ ಹೇಳುವ ಸಾಲುಗಳು. ಹೊಸತು ಹೌದೋ ಅಲ್ಲವೋ ಎಂದು ತೂಗುವಾಗ ಕ್ಲೇಮ್ ಒಂದೇ ಲೆಕ್ಕಕ್ಕಲ್ಲ. ವಿವರಣೆಯ ಯಾವುದೋ ಮೂಲೆಯ ಸಾಲು, ಚಿತ್ರದ ಒಂದು ಭಾಗ ಕೂಡ ಸಾಕು. ಹಳೇ ಪತ್ರಿಕೆಯ ಲೇಖನ, ಯೂಟ್ಯೂಬ್ ವಿಡಿಯೊ ಕೂಡ ಸೇರುತ್ತವೆ. ಅವಧಿ ಮುಗಿದ ಪೇಟೆಂಟ್ ಕೂಡ ಅಷ್ಟೇ. ಅದನ್ನು ನೋಡಿ ಯಂತ್ರ ಮಾಡಿಕೊಳ್ಳಬಹುದು, ಆದರೆ ನಿಮ್ಮದೆಂದು ಹಕ್ಕು ಕೇಳಲಾಗದು. ಕ್ಲೇಮುಗಳನ್ನು ಸೂಕ್ಷ್ಮವಾಗಿ ಓದಬೇಕಾದದ್ದು ಬೇರೆ ಪ್ರಶ್ನೆಗೆ: ನಾನು ಇದನ್ನು ಮಾಡಿ ಮಾರಿದರೆ ಭಾರತದಲ್ಲಿ ಜಾರಿಯಲ್ಲಿರುವ ಯಾರದಾದರೂ ಹಕ್ಕಿಗೆ ತಾಗುತ್ತದೆಯೇ?

ಆ ರೈತರ ಜೊತೆ ಎರಡು ದಿನ ಕೂತೆ. ಸ್ಪ್ರಿಂಗ್ ಇರುವ ರೋಲರ್, ಸೀಟು, ಎಂಜಿನ್ ಎಲ್ಲವೂ ಮೊದಲೇ ಇದ್ದವು. ಅವರ ಮುಖ ಸಣ್ಣಗಾಯಿತು, ನನಗೂ ಬೇಜಾರಾಯಿತು. ಆದರೆ ಪಾಚಿ ಕಟ್ಟಿದ ಮರದಲ್ಲಿ ಯಂತ್ರ ಜಾರಿದರೆ ತಾನಾಗಿ ಕಚ್ಚಿಕೊಳ್ಳುವ ಒಂದು ಹಿಡಿಕೆ ಮಾಡಿದ್ದರು. ಅಂಥದ್ದು ನಮಗೆ ಎಲ್ಲೂ ಕಾಣಲಿಲ್ಲ. ಅವರಿಗೆ ಅದು ಮಾಮೂಲಿ ತುಂಡು. ಅರ್ಜಿ ನಿಂತಿದ್ದು ಅದರ ಮೇಲೆಯೇ.

ಅಣ್ಣನ ಮಗ ವಿಡಿಯೊ ಮಾಡಿ ಹಾಕಲು ಕಾಯುತ್ತಿದ್ದಾನೆ ಎಂದರು. ಅರ್ಜಿ ಹಾಕುವವರೆಗೆ ಬೇಡ ಎಂದೆ. ತಾನೇ ತೋರಿಸಿಬಿಟ್ಟರೂ ಹೊಸತನ ಹೋಗುತ್ತದೆ. ಮೇಳದಲ್ಲಿ ಇಟ್ಟರೂ ಅಪಾಯವೇ. ಕಾನೂನಿನಲ್ಲಿರುವ ವಿನಾಯಿತಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಂಥ ಕೆಲವಕ್ಕೆ ಮಾತ್ರ.

ಮೊದಲು ತಾತ್ಕಾಲಿಕ ವಿವರಣೆ, ಅಂದರೆ ದಿನಾಂಕ ಕಾಯ್ದಿರಿಸುವ ಆರಂಭಿಕ ಬರಹ, ಸಲ್ಲಿಸಿದೆವು. ಪೂರ್ಣ ವಿವರಣೆಗೆ 12 ತಿಂಗಳ ಸಮಯವಿದೆ. ಸಾಮಾನ್ಯವಾಗಿ ಅರ್ಜಿಗಳು 18 ತಿಂಗಳವರೆಗೆ ಪ್ರಕಟವಾಗುವುದಿಲ್ಲ. ಹಾಗಾಗಿ ಇವತ್ತು ಎಷ್ಟು ಹುಡುಕಿದರೂ ಕಾಣದ ಅರ್ಜಿಗಳು ಇದ್ದೇ ಇರುತ್ತವೆ. ಕೊಯ್ಲು ಮುಗಿಸಿ, ಬೇಸಿಗೆಯಲ್ಲಿ ಮತ್ತೆ ಬನ್ನಿ, ಇನ್ನೊಮ್ಮೆ ಹುಡುಕೋಣ ಎಂದಿದ್ದೇನೆ. ಅಷ್ಟರಲ್ಲಿ ಹಿಡಿಕೆಯಲ್ಲಿ ಏನಾದರೂ ಬದಲಿಸಿದರೆ ಊರಿಗೆ ತೋರಿಸುವ ಮೊದಲು ನನಗೊಂದು ಫೋನ್ ಮಾಡಿ ಅಂತಲೂ ಹೇಳಿದ್ದೇನೆ.