ಬೇಕಲದ ಗೋಡೆಗೆ ಹತ್ತಿದ ಕರಿ

“ಮಾವ, ಈ ಕೋಟೆಗೆ ಬೆಂಕಿ ಬಿದ್ದಿತ್ತೇ?”

ಸಾಗರದಿಂದ ರಜೆಗೆ ಬಂದಿದ್ದ ತಂಗಿಯ ಮಗ ಬೇಕಲ ಕೋಟೆಯ ಕೊತ್ತಳದ ಬುಡದಲ್ಲಿ ನಿಂತು ಕೇಳಿದ. ನಿಮ್ಮ ಕಡೆಯ ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಕೆಂಪು ಕಲ್ಲಿನ ಕೋಟೆ ಎಂದು ಕಾಸರಗೋಡಿನಿಂದ ದಾರಿಯುದ್ದಕ್ಕೂ ಹೊಗಳಿಕೊಂಡು ಬಂದವನು ನಾನೇ. ಎದುರಿನ ಗೋಡೆಯಲ್ಲಿ ಕೆಂಪು ಇದ್ದದ್ದು ಚಕ್ಕೆ ಎದ್ದು ಹೊಸ ಮೈ ಕಂಡ ಕಡೆ ಮಾತ್ರ. ಉಳಿದದ್ದೆಲ್ಲ ಬಚ್ಚಲ ಹಂಡೆಯ ತಳದ ಬಣ್ಣ.

ಅದು ಮಸಿಯಲ್ಲ, ಜೀವ ಎಂದೆ. ಅವನು ನಂಬಲಿಲ್ಲ. ಸಂರಕ್ಷಿತ ಸ್ಮಾರಕದ ಮೇಲೆ ನಮ್ಮ ಪ್ರಯೋಗ ಬೇಡವೆಂದು ಮನೆಗೆ ಬಂದ ಮೇಲೆ, ಅದೇ ಕಲ್ಲಿನ ನಮ್ಮ ಹಿತ್ತಿಲ ಗೋಡೆಗೆ ಒಂದು ಚೊಂಬು ನೀರು ಚಿಮುಕಿಸಿದೆವು. ಸ್ವಲ್ಪ ಹೊತ್ತಿಗೆ ಒಣಗಿ ಸಿಪ್ಪೆಯಂತಿದ್ದ ಕಪ್ಪು ಉಬ್ಬಿತು, ಅಡಿಯಿಂದ ಮಾಸಲು ಹಸಿರು ಇಣುಕಿತು, ಬೆರಳಿಗೆ ಲೋಳೆ ಹತ್ತಿತು. ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದು ಒಂದು ಚೊಂಬು ನೀರಿಗೆ ಎದ್ದು ಕುಳಿತಿತ್ತು.

ಇವು ಸಯನೋಬ್ಯಾಕ್ಟೀರಿಯಾಗಳು. ಹಳೆಯ ಪಠ್ಯಗಳಲ್ಲಿ ನೀಲಿ-ಹಸಿರು ಪಾಚಿ ಎಂದು ಓದಿದ್ದೇವೆ, ಆದರೆ ಪಾಚಿಯಲ್ಲ, ಬ್ಯಾಕ್ಟೀರಿಯಾಗಳೇ. ಗ್ಲಿಯೋಕ್ಯಾಪ್ಸಾ, ಸೈಟೊನೀಮಾ, ನಾಸ್ಟಾಕ್ ಕುಲದವು ಉಷ್ಣವಲಯದ ಹಳೆಯ ಗೋಡೆಗಳಲ್ಲಿ ಸಾಮಾನ್ಯ. ಒಳಗಿನ ಹಸಿರು ಅನ್ನ ಬೇಯಿಸುವುದಕ್ಕೆ. ಹೊರಗಿನ ಕಪ್ಪು ಬಿಸಿಲಿಗೆ ಹಿಡಿದ ಕೊಡೆ. ಆ ಕೊಡೆಯ ಹೆಸರು ಸೈಟೊನೆಮಿನ್. ಜೀವಕೋಶದ ಸುತ್ತಲಿನ ಲೋಳೆಯ ಕವಚದಲ್ಲಿ ತುಂಬಿಕೊಳ್ಳುವ ಈ ಕಂದುಬಣ್ಣದ ವಸ್ತು ಅತಿನೇರಳೆ ಕಿರಣಗಳನ್ನು ಹೀರಿ ಒಳಗಿನ ಡಿಎನ್‌ಎಯನ್ನು ಕಾಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲೇ ಹೆಸರು ಪಡೆದಿದ್ದರೂ ಅದರ ರಾಸಾಯನಿಕ ರಚನೆ ಬಿಡಿಸಲು 1993ರವರೆಗೆ ಕಾಯಬೇಕಾಯಿತು. ಮರದ ನೆರಳಿನ ನಾಗನ ಕಲ್ಲು ಹಸಿರಾಗಿಯೂ ಬಯಲಿನ ಕೋಟೆ ಕಪ್ಪಾಗಿಯೂ ಇರುವುದಕ್ಕೆ ಇದೂ ಒಂದು ಕಾರಣ. ನೆರಳಿನಲ್ಲಿ ಕೊಡೆ ಯಾಕೆ?

ಇನ್ನು ಕಲ್ಲು. ನಾವು ಮುರಕಲ್ಲು ಎನ್ನುವುದು ಹುಡುಗನ ಊರಿನಲ್ಲಿ ಜಂಬಿಟ್ಟಿಗೆ. ಮಲಬಾರಿನ ಅಂಗಡಿಪ್ಪುರದಲ್ಲಿ ಇದನ್ನು ಕಂಡ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನ ‘ಲೇಟರ್’ ಎಂದರೆ ಇಟ್ಟಿಗೆ. ಜಂಬಿಟ್ಟಿಗೆಯ ಹೊಟ್ಟೆಯಲ್ಲೇ ಇಟ್ಟಿಗೆ ಇದೆಯೆಂದು ಅವನಿಗೆ ಯಾರೂ ಹೇಳಲಿಲ್ಲವೇನೋ. ಯುಗಗಳ ಮಳೆ ಕರಗುವುದನ್ನೆಲ್ಲ ತೊಳೆದೊಯ್ದು ಉಳಿಸಿದ ಕಬ್ಬಿಣ, ಅಲ್ಯುಮಿನಿಯಂಗಳ ಗಟ್ಟಿ ಇದು. ಕೋರೆಯಲ್ಲಿ ಕಡಿಯುವಾಗ ಮೆದು, ಗಾಳಿ ತಾಗಿದಂತೆ ಗಡುಸು, ಮೈತುಂಬ ತೂತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇಂಥ ಕಲ್ಲು ಸೂಕ್ಷ್ಮಜೀವಿಗಳಿಗೆ ಬಾಡಿಗೆಯಿಲ್ಲದ ಮನೆ.

ಕಲ್ಲಿನ ಕೆಂಪೆಂದರೆ ಕಬ್ಬಿಣದ ತುಕ್ಕು. ತುಕ್ಕಿಗೆ ಆಮ್ಲಜನಕ ಬೇಕು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ಸೇರತೊಡಗಿದ್ದು ಇದೇ ಸಯನೋಬ್ಯಾಕ್ಟೀರಿಯಾಗಳ ಪೂರ್ವಜರ ದುಡಿಮೆಯಿಂದ. ಗೋಡೆ ಕಪ್ಪಾಗುವುದಕ್ಕೂ ಅವೇ, ಕಲ್ಲು ಮೊದಲಿಗೆ ಕೆಂಪಾದದ್ದಕ್ಕೂ ಅವೇ!

ಮೋಸಮಾಡುವ ಇನ್ನೊಂದು ಬಣ್ಣ ತೋಟದಲ್ಲಿದೆ. ತೆಂಗು, ಕಂಗುಗಳ ಕಾಂಡಕ್ಕೂ ತೇವದ ಗೋಡೆಗೂ ಕುಂಕುಮ ಸವರಿದಂತೆ ಹತ್ತುವ ಟ್ರೆಂಟೆಪೋಲಿಯಾ. ನಿಜಕ್ಕೂ ಹಸಿರು ಪಾಚಿಯ ಬಳಗ, ಕ್ಯಾರೊಟಿನ್ ತುಂಬಿ ಕಿತ್ತಳೆಯಾಗಿದೆ. 2001ರಲ್ಲಿ ಕೋಟ್ಟಯಂ ಸುತ್ತ ಕೆಂಪು ಮಳೆ ಬಿದ್ದಾಗ ಆಕಾಶದಾಚೆಯ ಜೀವಿಗಳೆಂಬ ವಾದವೂ ಎದ್ದಿತ್ತು. ಸರ್ಕಾರ ಮಾಡಿಸಿದ ಅಧ್ಯಯನದಲ್ಲಿ ಸಿಕ್ಕಿದ್ದು ಟ್ರೆಂಟೆಪೋಲಿಯಾದ ಬೀಜಾಣುಗಳು.

ಈ ಒಕ್ಕಲುಗಳಿಂದ ಕಲ್ಲಿಗೆ ಹಾನಿಯೇ? ಲೋಳೆ ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಕಲ್ಲಿನ ಕಣ ಎಳೆಯುತ್ತದೆ. ಕಪ್ಪು ಗೋಡೆ ಬಿಸಿಲಿಗೆ ಹೆಚ್ಚು ಬಿಸಿಯಾಗುತ್ತದೆ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಕಲ್ಲುಹೂವು ಎಳೆಗಳನ್ನು ಒಳಗಿಳಿಸಿ ಆಕ್ಸಾಲಿಕ್ ಆಮ್ಲ ಸುರಿಸುತ್ತದೆ. ಆದರೆ ಅದೇ ಪದರ ಮಳೆಹನಿಯ ಏಟನ್ನೂ ತಡೆಯುತ್ತದೆ. ಕಡಲಂಚಿನ ಬೇಕಲದಲ್ಲಿ ತೂತುಗಳೊಳಗೆ ಹರಳುಗಟ್ಟುವ ಉಪ್ಪನ್ನೂ ಸಂದಿಗಳಲ್ಲಿ ಬೇರು ಬಿಡುವ ಅಶ್ವತ್ಥವನ್ನೂ ಬಿಟ್ಟು ಈ ಕರಿಯೊಂದನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ. 1986ರಿಂದ 1993ರವರೆಗೆ ಭಾರತದ ತಂಡ ಕಾಂಬೋಡಿಯಾದ ಅಂಕೋರ್ ವಾಟ್ ದೇಗುಲವನ್ನು ರಾಸಾಯನಿಕಗಳಿಂದ ತೊಳೆದಾಗ ತಜ್ಞರಿಂದ ಟೀಕೆ ಬಂದದ್ದುಂಟು. ಅಷ್ಟು ದೂರ ಯಾಕೆ, ಬ್ರಹ್ಮಕಲಶೋತ್ಸವಕ್ಕೆ ಮುನ್ನ ನಮ್ಮೂರ ಕಡೆಯ ಒಂದು ದೇವಸ್ಥಾನದ ಮುರಕಲ್ಲಿನ ಗೋಡೆಗೆ ಜೋರು ಪಂಪಿನಿಂದ ನೀರು ಹಾಯಿಸಿದರು. ಗಾಳಿಗೆ ಗಡುಸಾಗಿದ್ದ ಹೊರಮೈಯೇ ಕಿತ್ತುಬಂತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕರಿ ಮತ್ತೆ ಬಂತು, ಹೋದ ಕಲ್ಲು ಬರಲಿಲ್ಲ.

ಈ ಜೀವಿಗಳು ಹೆದರುವ ಲೋಹವೊಂದಿದೆ: ತಾಮ್ರ. ತಾಮ್ರದ ತಗಡು ಹೊದಿಸಿದ ಮಾಡಿನ ಕೆಳಗೆ, ನೀರು ಇಳಿಯುವ ಸಾಲಿನಲ್ಲಿ ಕಲ್ಲು ಎಷ್ಟೋ ಕಡೆ ಬೋಳಾಗಿ ಕಾಣುತ್ತದೆ. ಮಳೆನೀರಿನೊಡನೆ ಇಳಿಯುವ ಅತ್ಯಲ್ಪ ತಾಮ್ರವೂ ಇವಕ್ಕೆ ವಿಷ. ಅಡಿಕೆಯ ಕೊಳೆರೋಗಕ್ಕೆ ನಾವು ಮೈಲುತುತ್ತು, ಸುಣ್ಣ ಕಲಸಿ ಬಿಡುವ ಮದ್ದಿನಲ್ಲಿ ಕೆಲಸ ಮಾಡುವುದೂ ಅದೇ ತಾಮ್ರ. ಹಾಗೆಂದು ಕೋಟೆಗೆ ಮದ್ದು ಹೊಡೆಯಲು ಹೊರಡಬಾರದು. ಕಲ್ಲಿಗೆ ಹಸಿರು ಕಲೆ ಹಿಡಿದೀತು.

ಹುಡುಗ ಹಿತ್ತಿಲ ಗೋಡೆಯನ್ನು ಉದ್ದಕ್ಕೂ ನೋಡುತ್ತ ಹೋಗಿ ಬಾವಿಯ ಹತ್ತಿರ ನಿಂತ. “ಇಲ್ಲಿ ಮಾತ್ರ ಯಾಕೆ ಕೆಂಪು, ಮಾವ?” ಪ್ರತಿ ಮಳೆಗಾಲವೂ ಮದ್ದು ಕಲಸುವ ಡ್ರಮ್ಮನ್ನು ಇಡುವುದು ಆ ಮೂಲೆಯಲ್ಲಿ.